ಮಾವನ ಕಾರಿನ ಗೇರು

ನನಗೆ ನನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮನೆಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡವರು ಅಣ್ಣತಮ್ಮಂದಿರ ಹಾಗೆ ಇರಬೇಕು ಅಂತ ಹಿರಿಯರು ಹೇಳುತ್ತಾರೆ. ಅಣ್ಣತಮ್ಮಂದಿರು ಹೇಗಿರುತ್ತಾರೆ ಅಂತ ಅವರಿಗೆ ಗೊತ್ತಿಲ್ಲದೆ ಏನಿಲ್ಲ, ಆದರೂ ಹೇಳುತ್ತಾರೆ.

ನ್ಯಾಯವಾಗಿ ನೋಡಿದರೆ ಹೊಟ್ಟೆ ಉರಿದುಕೊಳ್ಳಬೇಕಾದವನು ಅವನು. ಶೆಟ್ಟಿಕೆರೆ ಹತ್ತಿರ ನನಗೆ ಒಳ್ಳೆಯ ತೆಂಗಿನ ತೋಟವಿದೆ, ಬತ್ತದ ಕೊಳವೆಬಾವಿ ಇದೆ, ಮನೆಯ ಅಟ್ಟದ ತುಂಬ ಕಾಯಿ ಇದೆ. ಅವನು ತುರುವೇಕೆರೆಯಲ್ಲಿ ಒಂದು ಮಳಿಗೆ ಇಟ್ಟುಕೊಂಡು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ನನ್ನ ಮೋಟಾರು ಸುಟ್ಟಾಗಲೂ ಅವನೇ ಬಂದು ಬಿಚ್ಚಿಕೊಂಡು ಹೋಗಿ ಸರಿಮಾಡಿ ತಂದು ಕೂರಿಸಿದ್ದಾನೆ. ಅಂಥವನಿಗೆ ನನ್ನನ್ನು ಕಂಡರೆ ಒಂದು ಚೂರೂ ಅಸೂಯೆಯಿಲ್ಲ. 'ಅಣ್ಣಾ' ಅನ್ನುತ್ತಾನೆ, ನಗುತ್ತಾನೆ, ಹಾಕಿದ್ದನ್ನು ಉಣ್ಣುತ್ತಾನೆ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ನನ್ನ ಹತ್ತಿರ ಇದ್ದು ಅವನ ಹತ್ತಿರ ಇಲ್ಲದಿದ್ದದ್ದು ಒಂದೇ ಒಂದು. ಅದು ಮಾವನ ಕಾರಿನ ಕೀ.

ಮಾವನ ಊರು ನೊಣವಿನಕೆರೆ ಪಕ್ಕದಲ್ಲಿ. ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ಮದುವೆಯ ಹೊತ್ತಿಗೇ ಆ ಕಾರು ಹಳೆಯದಾಗಿತ್ತು. ದುಂಡು ಮೂತಿ, ಸೋಫಾದಂಥ ಸೀಟು. ಈಗಿನ ಕಾರಿನ ಹಾಗೆ ಗೇರು ಕಾಲ ಹತ್ತಿರ ಇರಲಿಲ್ಲ. ಸ್ಟೇರಿಂಗಿನ ಕಂಬಕ್ಕೇ ಒಂದು ಹಿಡಿ, ಎಡಗೈಯಲ್ಲಿ ಅದನ್ನು ಎಳೆದು, ಎತ್ತಿ, ಇಳಿಸಿ ಗೇರು ಬದಲಾಯಿಸಬೇಕು. ಆ ಹಿಡಿಯಿಂದ ಕಂಬದ ಗುಂಟ ರಾಡುಗಳು ಬಾನೆಟ್ಟಿನೊಳಕ್ಕೆ ಇಳಿದು, ಅಲ್ಲಿ ಎರಡು ಸಣ್ಣ ತೋಳುಗಳಿಗೆ ಸೇರಿ, ಮತ್ತೆ ರಾಡಾಗಿ ಗೇರ್‌ಬಾಕ್ಸಿಗೆ ಹೋಗುತ್ತವೆ. ಎಷ್ಟು ಕೀಲುಗಳೋ ಅಷ್ಟು ಕಡೆ ಅದಕ್ಕೆ ಮುನಿಸು. ಒಂದು ಕೀಲು ಬಿಗಿದರೂ ಹಿಡಿ ಅಲ್ಲಾಡುವುದಿಲ್ಲ.

ಮೊದಲು ಮಾವನೇ ಓಡಿಸುತ್ತಿದ್ದರು. ನಾನು ಅಳಿಯನಾಗಿ ಬಂದ ಮೂರೋ ನಾಲ್ಕೋ ವರ್ಷಕ್ಕೆ ಗೇರು ಹಿಡಿಯತೊಡಗಿತು. ಚಳಿಗಾಲದ ಬೆಳಿಗ್ಗೆಯಂತೂ ಜಪ್ಪಯ್ಯ ಅಂದರೂ ಬೀಳದು. ಒಂದು ದಿನ ನಾನು ಬಾನೆಟ್ಟು ಎತ್ತಿ, ಬಚ್ಚಲುಮನೆ ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆ ತಂದು ಆ ಕೀಲುಗಳಿಗೆಲ್ಲ ಹುಯ್ದೆ. ನಮ್ಮ ಸೀಮೆಯಲ್ಲಿ ಇದರಲ್ಲಿ ಆಶ್ಚರ್ಯವೇನಿಲ್ಲ. ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬೀಗ ತುಕ್ಕು ಹಿಡಿದರೆ ಕೊಬ್ಬರಿ ಎಣ್ಣೆ, ಸೈಕಲ್ ಚೈನಿಗೆ, ಹಸುವಿನ ಕೆಚ್ಚಲಿಗೆ, ಕೂಸಿನ ನೆತ್ತಿಗೆ ಎಲ್ಲಕ್ಕೂ ಅದೇ. ಮನೆಯಲ್ಲೇ ಇರುವಾಗ ಅಂಗಡಿಗೆ ಹೋಗಿ ಗ್ರೀಸು ತರುವವನನ್ನು ಜನ ನೋಡಿ ನಕ್ಕಾರು. ಎಣ್ಣೆ ಹಾಕಿ, ಎಂಜಿನ್ ಶುರುಮಾಡಿ, ಸ್ಪ್ಯಾನರಿನಲ್ಲಿ ರಾಡಿಗೆ ನಾಲ್ಕು ಸಲ ಕುಟ್ಟಿ, ಹಿಡಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಪುಸಲಾಯಿಸಿದೆ. ಗೇರು ಬಿತ್ತು.

ಆವತ್ತಿನಿಂದ ಅದು ನನ್ನ ಕೆಲಸವಾಯಿತು. ಪ್ರತಿ ಸಲ ಹೋದಾಗಲೂ ಒಂದಿಷ್ಟು ಎಣ್ಣೆ ಕುಡಿಸುತ್ತಿದ್ದೆ. ಗೇರು ಮಾತ್ರ ವರ್ಷದಿಂದ ವರ್ಷಕ್ಕೆ ಇನ್ನೂ ಮೊಂಡಾಯಿತು. ಆದರೆ ನನ್ನ ಕೈಗೆ ಬಗ್ಗುತ್ತಿತ್ತು, ನನ್ನ ಕೈಗೆ ಮಾತ್ರ. ಒಂದು ದಿನ ಮಾವ ಕೀ ತಂದು ನನ್ನ ಅಂಗೈಗೆ ಹಾಕಿ, "ಇನ್ಮೇಲೆ ನೀವೇ ಓಡ್ಸಿ ಅಳೀಂದ್ರೆ, ನಿಮ್ಮ ಮಾತು ಕೇಳ್ತದೆ ಅದು" ಅಂದರು. ಕಾರು ಅವರ ಶೆಡ್ಡಿನಲ್ಲೇ ಇತ್ತು, ಕೀ ಮಾತ್ರ ನನ್ನ ಹತ್ತಿರ. ಹಬ್ಬಕ್ಕೆ, ಮದುವೆಗೆ, ಮುಯ್ಯಿಗೆ, ಆಸ್ಪತ್ರೆಗೆ ಯಾವುದಕ್ಕೆ ಹೊರಡಬೇಕಾದರೂ ಶೆಟ್ಟಿಕೆರೆಯಿಂದ ನಾನು ಬರಬೇಕು. ನಾನು ಬರುವ ತನಕ ಎಲ್ಲರೂ ಮಡಿಸಿಟ್ಟ ಸೀರೆ ಪಂಚೆ ಉಟ್ಟುಕೊಂಡು ಜಗಲಿಯ ಮೇಲೆ ಕಾಯಬೇಕು. ಬಾನೆಟ್ಟು ಎತ್ತಿ ಕಾಲು ಗಂಟೆ ನಾನು ಮಾಡುತ್ತಿದ್ದ ಪೂಜೆಯನ್ನು ಎಲ್ಲರೂ ನಿಂತು ನೋಡಬೇಕು. ಸುಳ್ಳು ಯಾಕೆ ಹೇಳಲಿ, ಆ ಕಾಲು ಗಂಟೆ ನನಗೆ ಬಹಳ ಇಷ್ಟವಾಗುತ್ತಿತ್ತು.

ಆಯುಧಪೂಜೆಯ ದಿನವಂತೂ ಕೇಳಬೇಡಿ. ಕಾರು ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತಾರೆ. ಆ ನಿಂಬೆಹಣ್ಣಿನ ಮೇಲೆ ಮೊದಲು ಕಾರು ಹತ್ತಿಸುವವನು ಮನೆಯ ಗಂಡುಮಗ. ಆ ಮನೆಯಲ್ಲಿ ಅದು ನಾನು. ನಿಂಬೆಹಣ್ಣು ಚಿಟ್ಟನೆ ಒಡೆಯುವ ಸದ್ದು ಕೇಳಿದರೆ ವರ್ಷಕ್ಕಾಗುವಷ್ಟು ಹೊಟ್ಟೆ ತುಂಬುತ್ತಿತ್ತು.

ಹೀಗಿರುವಾಗ ಷಡ್ಡಕ ಬಂದ. ನಾದಿನಿ ನನ್ನ ಹೆಂಡತಿಗಿಂತ ಬಹಳ ಚಿಕ್ಕವಳು, ಮದುವೆ ತಡವಾಗಿ ಆಯಿತು. ಬಂದ ವರ್ಷವೇ ಅವನು ಅತ್ತೆಯ ಮಿಕ್ಸಿ, ಕೊಟ್ಟಿಗೆಯ ಲೈಟು, ಮಾವನ ರೇಡಿಯೋ ಎಲ್ಲ ಬಿಚ್ಚಿ ಸರಿಮಾಡಿದ. ಕಾರಿನ ತಂಟೆಗೆ ಮಾತ್ರ ಬರಲಿಲ್ಲ, ಅದು ದೊಡ್ಡಳಿಯನದು ಅಂತ ಅವನಿಗೂ ಗೊತ್ತಿತ್ತು. ನನಗೆ ಚುಚ್ಚುತ್ತಿದ್ದದ್ದು ಬೇರೆ. ಮಾವ ನನಗೆ ಇವತ್ತಿಗೂ 'ಅಳೀಂದ್ರೆ, ಬನ್ನಿ, ಕೂತ್ಕಳಿ' ಅನ್ನುತ್ತಾರೆ. ಅವನಿಗೆ ಬಂದ ಆರೇ ತಿಂಗಳಿಗೆ 'ಲೇ, ಬಾರ್ಲಾ ಇಲ್ಲಿ' ಶುರುವಾಯಿತು. ನನಗೆ ಮಣೆ, ಅವನಿಗೆ ಮಡಿಲು. ಹೆಂಡತಿಗೆ ಇದನ್ನು ಹೇಳಿದರೆ, "ನಿಮ್ಗೂ ಲೇ ಅನ್ಸಿಕೊಳ್ಳೋ ಆಸೆನಾ? ನಾನೇ ಅಂತೀನಿ ಬುಡಿ" ಅಂತ ನಕ್ಕಳು.

ಹೋದ ವರ್ಷ ಆಯುಧಪೂಜೆಗೆ ಮೂರು ದಿನ ಮುಂಚೆ ನಾನೂ ಹೆಂಡತಿಯೂ ಹೋದಾಗ ಶೆಡ್ಡಿನಲ್ಲಿ ಕಾರಿನ ಕೆಳಗಿಂದ ಎರಡು ಕಾಲು ಚಾಚಿದ್ದವು. ಷಡ್ಡಕನ ಕಾಲು. ಪಕ್ಕದಲ್ಲಿ ಡಬ್ಬಿಯಲ್ಲಿ ಡೀಸೆಲ್ಲು, ಹಳೆಯ ಹಲ್ಲುಜ್ಜುವ ಬ್ರಷ್ಷು, ಗ್ರೀಸು, ಕೀಲುಗಳೊಳಗೆ ಕೂರಿಸುವ ಹೊಸ ಬುಷ್ಷುಗಳ ಪೊಟ್ಟಣ. ಮಾವ ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತು ಟಾರ್ಚು ಹಿಡಿದಿದ್ದರು. ಅಷ್ಟು ವರ್ಷದಲ್ಲಿ ನನಗೆ ಅವರು ಒಂದು ದಿನವೂ ಟಾರ್ಚು ಹಿಡಿದವರಲ್ಲ.

ಅವನು ಹೊರಗೆ ತೆವಳಿಕೊಂಡು ಬಂದು ಒಂದು ಕೀಲು ನನ್ನ ಮುಂದೆ ಹಿಡಿದ. ಅದರ ಸುತ್ತ ಕಂದು ಬಣ್ಣದ ಅಂಟು, ಉಗುರಿನಲ್ಲಿ ಕೆರೆದರೂ ಬರುತ್ತಿರಲಿಲ್ಲ. "ಅಣ್ಣ, ಇಲ್ನೋಡಿ. ಇದು ಗ್ರೀಸಲ್ಲ, ಕೊಬ್ರಿ ಎಣ್ಣೆ ಕಣಣ್ಣ. ಯಾವೋನೋ ವರ್ಷಗಟ್ಲೆ ಹುಯ್ದವ್ನೆ. ಪಕ್ಕದಲ್ಲೇ ಕಾಯಿ ಸುಲೀತಾರೆ, ನಾರಿನ ಧೂಳೆಲ್ಲ ಕೂತು ಬಂಕೆ ಆಗೈತೆ. ಚಳೀಲಿ ಎಣ್ಣೆ ಬಾಟ್ಲೀಲೇ ಗಟ್ಟಿಯಾಯ್ತದಲ್ಲ, ಇಲ್ಲಿ ಆಗಲ್ವಾ? ಎಂಜಿನ್ ಕಾದು ಕರಗೋಗಂಟ ಗೇರು ಬೀಳಾಕಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದಲ್ಲ. ಆದರೆ ನನ್ನ ಹೆಂಡತಿ ಇದ್ದಳಲ್ಲ. "ಯಾವೋನೋ ಅಲ್ಲ ಕಣಪ್ಪ, ನಿಮ್ಮಣ್ಣನೇ" ಅಂದು ಕಿಲಕಿಲ ನಕ್ಕಳು. ಷಡ್ಡಕ ನಾಲಿಗೆ ಕಚ್ಚಿಕೊಂಡ. ಮಾವ, "ಹೋಗ್ಲಿ ಬುಡ್ಲಾ, ಗೊತ್ತಿಲ್ದೆ ಹಾಕವ್ರೆ" ಅಂದು ಟಾರ್ಚನ್ನು ಮತ್ತೆ ಕಾರಿನ ಕಡೆ ತಿರುಗಿಸಿದರು.

ನನಗೆ ಆ 'ಗೊತ್ತಿಲ್ದೆ' ಅನ್ನುವ ಮಾತು ಹತ್ತಿ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಉರಿದದ್ದು ಎಂಜಿನ್ ಕಾವಿನ ಮಾತು. ನಾನು ಕುಟ್ಟಿದ್ದು, ಪುಸಲಾಯಿಸಿದ್ದು, ನನ್ನ ಎಡಗೈಯ ಚಳಕ ಅಂತ ನಾನೂ ಊರೂ ನಂಬಿದ್ದು, ಎಲ್ಲ ಬರೀ ಸುಳ್ಳು. ಕಾಲು ಗಂಟೆ ನಾನು ಕೈಕಟ್ಟಿ ಕೂತಿದ್ದರೂ ಎಂಜಿನ್ ಬಿಸಿಗೆ ಎಣ್ಣೆ ಕರಗಿ ಗೇರು ತಾನಾಗಿ ಬೀಳುತ್ತಿತ್ತು.

ಅವನು ಸಂಜೆಯ ತನಕ ಕೆಲಸ ಮಾಡಿದ. ಒಂದೊಂದೇ ಪಿನ್ನು ಕಿತ್ತು, ಪ್ರತಿ ಕೀಲನ್ನೂ ಡೀಸೆಲ್ಲಿನಲ್ಲಿ ನೆನೆಸಿ ಉಜ್ಜಿ, ಸವೆದ ಬುಷ್ಷು ಬದಲಾಯಿಸಿ, ಬೆರಳಿನಲ್ಲಿ ಗ್ರೀಸು ತುಂಬಿ, ರಾಡಿನ ಉದ್ದ ಹೆಚ್ಚುಕಡಿಮೆ ಮಾಡಿ ಮತ್ತೆ ಜೋಡಿಸಿದ. ನೋಡುತ್ತ ನಿಂತೆ, ಒಂದು ತಪ್ಪಾದರೂ ಮಾಡಲಿ ಅಂತ. ಮಾಡಲಿಲ್ಲ. ಕೊನೆಗೆ ನನ್ನನ್ನೇ ಸೀಟಿನಲ್ಲಿ ಕೂರಿಸಿ, "ಈಗ ನೋಡಣ್ಣ" ಅಂದ. ಎರಡು ಬೆರಳು ಸಾಕಾಯಿತು. ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಗೇರು ಬಿತ್ತು. ಇಷ್ಟು ಸಲೀಸಾದ ಗೇರನ್ನು ಯಾರು ಬೇಕಾದರೂ ಹಾಕಬಹುದು. ಹಾಗಾದರೆ ನಾನು ಯಾಕೆ ಬೇಕು?

ಅದಕ್ಕೆ ಉತ್ತರ ಮೂರನೆಯ ದಿನ ಸಿಕ್ಕಿತು. ಪೂಜೆಗೆ ಅಂತ ಮಾವ ನನ್ನಿಂದ ಕೀ ಇಸಕೊಂಡು ತಟ್ಟೆಯಲ್ಲಿ ಇಟ್ಟಿದ್ದರು. ಮಂಗಳಾರತಿ ಆಯಿತು, ನಾನು ವಾಡಿಕೆಯಂತೆ ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದೆ. ಮಾವ ಕೀ ತೆಗೆದು, ನನ್ನನ್ನು ದಾಟಿ, "ತಗಳ್ಲಾ, ನೀನು ದುಡಿದಿದ್ದೀಯ, ನೀನೇ ಹತ್ಸು" ಅಂತ ಷಡ್ಡಕನ ಕೈಗೆ ಕೊಟ್ಟರು. ಅವನು ಪಾಪ, "ಅಣ್ಣ ಇದಾರಲ್ಲ ಮಾವ" ಅಂದ. ಆ ಪಾಪ ನನಗೆ ಬೇಕಾಗಿರಲಿಲ್ಲ. "ಹತ್ಸೋ, ಹತ್ಸು" ಅಂದೆ, ಹಲ್ಲು ಕಿರಿದೆ. ನಿಂಬೆಹಣ್ಣು ಒಡೆದಾಗ ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಕೀ ಮತ್ತೆ ನನ್ನ ಕೈಗೆ ಬರಲಿಲ್ಲ.

ಆಮೇಲಿನ ಎರಡು ತಿಂಗಳು ನಾನು ಮನುಷ್ಯನ ಹಾಗೆ ಇರಲಿಲ್ಲ. ತೋಟದಲ್ಲಿ ಕಾಯಿ ಕೀಳುವವರ ಮೇಲೆ ರೇಗಿದೆ, ಮುದ್ದೆ ಗಂಟಾಗಿದೆ ಅಂತ ತಟ್ಟೆ ತಳ್ಳಿದೆ. ಮಾವನ ಊರಿಂದ ಫೋನು ಬಂದರೆ ಹೆಂಡತಿಯ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದೆ. ರಸ್ತೆಯಲ್ಲಿ ಹಳೆಯ ಕಾರಿನ ಸದ್ದು ಕೇಳಿದರೂ ಅವನೇ ಓಡಿಸಿಕೊಂಡು ಮೆರೆಯುತ್ತಿದ್ದಾನೆ ಅನಿಸುತ್ತಿತ್ತು.

ಧನುರ್ಮಾಸ ಹುಟ್ಟುವ ಹೊತ್ತಿಗೆ ಮಾವ ಹೇಳಿಕಳಿಸಿದರು. ಮುಂದಿನ ಶನಿವಾರ ಬೆಳಿಗ್ಗೆ ಎಲ್ಲರೂ ಕಾರಿನಲ್ಲಿ ಸಂಪಿಗೆ ಅನ್ನುವ ಊರಿಗೆ ಹೋಗಿ ದೇವರ ದರ್ಶನ ಮಾಡಿಕೊಂಡು ಬರೋಣ, ಶುಕ್ರವಾರವೇ ಬಂದುಬಿಡಿ ಅಂತ. ಓಡಿಸುವವನು ಯಾರು ಅಂತ ಹೇಳಲಿಲ್ಲ. ಹೇಳಬೇಕೆ?

ಆ ವಾರದ ಬುಧವಾರ ನಾನು ಅವರೆಕಾಯಿ ಕೊಡುವ ನೆಪದಲ್ಲಿ ಒಬ್ಬನೇ ಹೋದೆ. ಮಧ್ಯಾಹ್ನದ ಹೊತ್ತು, ಅತ್ತೆ ಮಾವ ಉಂಡು ಮಲಗಿದ್ದರು. ಬಚ್ಚಲುಮನೆಯ ಕಿಟಕಿಯಿಂದ ಎಣ್ಣೆ ಬಾಟಲಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಬಾನೆಟ್ಟು ಎತ್ತಿ, ಅವನು ಅಷ್ಟು ಚೆನ್ನಾಗಿ ತುಂಬಿದ್ದ ಗ್ರೀಸನ್ನು ಕೈಗೆ ಸಿಕ್ಕಿದ ಕೀಲುಗಳಿಂದೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದೆ. ಅರ್ಧ ಬಾಟಲಿ ಎಣ್ಣೆ ಹುಯ್ದೆ. ಕೆಳಗೆ ಬಿದ್ದಿದ್ದ ನಾರಿನ ಧೂಳನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಇಷ್ಟು ವರ್ಷ ಗೊತ್ತಿಲ್ಲದೆ ಮಾಡಿದ್ದನ್ನು ಆವತ್ತು ಗೊತ್ತಿದ್ದು ಮಾಡಿದೆ. ಶನಿವಾರ ಬೆಳಿಗ್ಗೆ ಎಲ್ಲರೂ ಸೀರೆ ಪಂಚೆ ಉಟ್ಟು ಕಾಯುತ್ತಿರುವಾಗ ಷಡ್ಡಕ ಗೇರು ಹಿಡಿದು ಒದ್ದಾಡಬೇಕು, ಮಾವ 'ಅಳೀಂದ್ರೆ, ನೀವೇ ಬನ್ನಿ' ಅನ್ನಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಶನಿವಾರ ಹಲ್ಲು ಕಟಕಟಿಸುವ ಚಳಿ. ಬಾವಿಕಟ್ಟೆಯ ಹತ್ತಿರ ಉಸಿರು ಹೊಗೆಯಾಗುತ್ತಿತ್ತು. ಅತ್ತೆ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟದ್ದು ನೋಡಿ ಒಳಗೊಳಗೇ ಖುಷಿಯಾಯಿತು. ಷಡ್ಡಕ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ ತಂದು ಗಾಜು ಒರೆಸಿ ನಿಲ್ಲಿಸಿದ. ಆದರೆ ಅವನು ಹೋಗಿ ಹಿಂದಿನ ಸೀಟಿನಲ್ಲಿ ಕೂತ.

"ಯಾಕೋ, ಓಡ್ಸಲ್ವೇನೋ?" ಅಂದೆ.

ಅವನು ನಕ್ಕ. "ಅಣ್ಣ, ಇವತ್ತು ಡ್ರೈವರೇ ಬ್ಯಾರೆ."

ಮಾವ ಒಳಗಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಕೀ. ಎಂಬತ್ತಕ್ಕೆ ಹತ್ತಿರವಾದ ಮನುಷ್ಯ ಮದುವಣಿಗನ ಹಾಗೆ ನಾಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. "ಅಪ್ಪಾ, ನೀನಾ?"

"ಊಂ ಕಣವ್ವ. ಎಡಗೈ ಭುಜ ಹಿಡ್ಕಂಡು ಆ ಗೇರು ಎಳೆಯಾಕೆ ಆಗ್ತಿರ್ಲಿಲ್ಲ. ಅದ್ಕೇ ಬುಟ್ಬುಟ್ಟಿದ್ದೆ. ಇವ್ನು ಸರಿ ಮಾಡ್ಕೊಟ್ಟ ಮ್ಯಾಲೆ ದಿನಾ ಮಧ್ಯಾಹ್ನ ಮಲಗೆದ್ದು ಬಿಸ್ಲಲ್ಲೇ ತ್ವಾಟದ ಗಂಟ ಓಡ್ಸಿ ರೂಢಿ ಮಾಡ್ಕಂಡೆ." ಆಮೇಲೆ ನನ್ನ ಕಡೆ ತಿರುಗಿ, "ಅಳೀಂದ್ರೆ, ಇಷ್ಟು ವರ್ಸ ನೀವು ನನ್ನ ಕೂರಿಸ್ಕಂಡು ಓಡ್ಸಿದ್ರಿ. ಒಂದ್ಸಲ ನಾನು ನಿಮ್ಮನ್ನ ಕೂರಿಸ್ಕಂಡು ಓಡ್ಸಬೇಕು ಅಂತ ಆಸೆ. ಅದ್ಕೇ ಯಾರೂ ಹೇಳ್ಬ್ಯಾಡಿ ಅಂದಿದ್ದೆ. ಬನ್ನಿ, ಮುಂದೆ ಕೂತ್ಕಳಿ."

ಅವರು ನನಗೆ ಬಾಗಿಲು ತೆಗೆದರು. ನಾನು ಹೋಗಿ ಕೂತೆ. ಚಳಿಗೆ ಸೀಟು ತಣ್ಣಗಿತ್ತು. ನನಗೆ ಕೀ ಕೊಟ್ಟದ್ದು ಮರ್ಯಾದೆಯಿಂದ ಅಲ್ಲ, ಕೈಲಾಗದೆ ಅಂತ ಆವಾಗ ತಿಳಿಯಿತು. ಅವರ ಕೈಲಾಗದ ಹಾಗೆ ವರ್ಷ ವರ್ಷ ಬಿಗಿ ಮಾಡುತ್ತ ಬಂದವನು ನಾನು ಅಂತಲೂ ತಿಳಿಯಿತು. ಮೊನ್ನೆ ಬುಧವಾರ ಮಾಡಿದ್ದು ಯಾರಿಗೆ ಅಂತಲೂ.

ಅವರು ಎಂಜಿನ್ ಶುರುಮಾಡಿ, ಕ್ಲಚ್ಚು ತುಳಿದು, ಹಿಡಿಯ ಮೇಲೆ ಎಡಗೈ ಇಟ್ಟು ಎಳೆದರು. ಬರಲಿಲ್ಲ. ನಕ್ಕು ಮತ್ತೆ ಎಳೆದರು. ಮೂರನೆಯ ಸಲ ಬಲಗೈಯನ್ನೂ ಕೊಟ್ಟರು. ಕುತ್ತಿಗೆಯ ನರ ಉಬ್ಬಿತು, ಮಫ್ಲರು ಜಾರಿತು. ಷಡ್ಡಕ, "ಇರಿ ಮಾವ, ಬಾನೆಟ್ಟು ಎತ್ತಿ ನೋಡ್ತೀನಿ" ಅಂತ ಬಾಗಿಲು ತೆಗೆದ.

ಅವನು ನೋಡಿದರೆ ಮುಗಿಯಿತು. ನಾನು ಅವನಿಗಿಂತ ಮುಂಚೆ ಹಾರಿ ಇಳಿದು, "ನೀನು ಕೂತ್ಕೋ, ನಾನು ನೋಡ್ತೀನಿ" ಅಂದೆ. ಬಾನೆಟ್ಟು ಎತ್ತಿ ಅಡ್ಡ ನಿಂತು, ಏನೋ ತಡಕುವವನ ಹಾಗೆ ನಟಿಸುತ್ತ, ಎಂಜಿನ್ ಕಾವಿಗೆ ಎಣ್ಣೆ ಕರಗುವುದನ್ನು ಕಾದೆ. ಬಿಸಿ ಏರಿದ ಹಾಗೆ ಕೊಬ್ಬರಿ ಎಣ್ಣೆಯ ಘಮ ಮುಖಕ್ಕೆ ಹೊಡೆಯಿತು. ಷಡ್ಡಕ ಇಳಿದು ಬಂದು ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನಿಗೂ ವಾಸನೆ ಬಂದಿರಬೇಕು. ತಿರುಗಿ ಹೋಗಿ ಹಿಂದಿನ ಸೀಟಿನಲ್ಲಿ ಕೂತ.

ಬಾನೆಟ್ಟು ಮುಚ್ಚಿ, ಕಿಟಕಿಯಿಂದಲೇ ಕೈ ಹಾಕಿ, ಮಾವನಿಗೆ ಕ್ಲಚ್ಚು ತುಳಿಯಲು ಹೇಳಿ ಹಿಡಿಯನ್ನು ಎಳೆದು ತೋರಿಸಿದೆ. ಸಲೀಸಾಗಿ ಬಿತ್ತು. ಯಾಕೆ ತೋರಿಸಿದೆನೋ. ಸುಮ್ಮನಿದ್ದು ಅವರ ಕೈಯಲ್ಲೇ ಹಾಕಿಸಿದ್ದರೆ ಆಗುತ್ತಿತ್ತು. ಆ ಹೊತ್ತಿನಲ್ಲೂ ನನ್ನ ಕೈಗೆ ಅದು ಬೀಳುವುದನ್ನು ಎಲ್ಲರೂ ನೋಡಲಿ ಅನಿಸಿತು ಅಂತ ಕಾಣುತ್ತದೆ.

ಮಾವ ತಮ್ಮ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿಕೊಂಡರು. "ಗೇರಲ್ಲ ಕಣ್ರೀ. ನನ್ ಕೈಯೇ ಹೋಯ್ತು" ಅಂದರು. ಬಾಗಿಲು ತೆಗೆದು ಇಳಿದು, ಸುತ್ತಿಕೊಂಡು ಬಂದು ನನ್ನ ಜಾಗದಲ್ಲಿ ಕೂತರು. ಷಡ್ಡಕ, "ಚಳಿಗೆ ಹಂಗಾಗ್ತದೆ ಮಾವ, ಇನ್ನೊಂದ್ಸಲ ನೋಡಿ" ಅಂದ. ಅವರು ತಲೆಯಲ್ಲಾಡಿಸಿದರು. ನಾನು ಓಡಿಸಿದೆ. ಸಂಪಿಗೆಗೆ ಹೋಗುವಾಗಲೂ ಬರುವಾಗಲೂ ಗೇರು ಒಂದು ಸಲವೂ ಹಿಡಿಯಲಿಲ್ಲ.

ಮಾರನೆಯ ದಿನ ಎಲ್ಲರೂ ಊರಿಗೆ ಹೊರಟ ಮೇಲೂ ನಾನು ಉಳಿದುಕೊಂಡೆ. ಕೀಲು ಕೀಲೂ ಬಿಚ್ಚಿ, ಡೀಸೆಲ್ಲಿನಲ್ಲಿ ಉಜ್ಜಿ, ಗ್ರೀಸು ತುಂಬಿದೆ. ಷಡ್ಡಕ ಅರ್ಧ ದಿನದಲ್ಲಿ ಮಾಡಿದ್ದಕ್ಕೆ ನನಗೆ ಎರಡು ದಿನ ಹಿಡಿಯಿತು. ಕಿರುಬೆರಳಿಗೆ ಗೇರು ಬೀಳುವ ಹಾಗೆ ಮಾಡಿ ಮಾವನನ್ನು ಕರೆದೆ. "ಒಂದ್ಸಲ ಕೂತು ನೋಡಿ ಮಾವ. ಕೈಯದೇನೂ ತಪ್ಪಿರ್ಲಿಲ್ಲ, ಎಣ್ಣೆ ಗಟ್ಟಿಯಾಗಿತ್ತು" ಅಂದೆ. ಯಾರು ಹಾಕಿದ ಎಣ್ಣೆ ಅಂತ ಅವರು ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅಂತ ಈಗ ಅಂದುಕೊಳ್ಳುತ್ತೇನೆ. ಅವರು ಕೇಳಲಿಲ್ಲ. ನಾನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡರು.

ಜಗಲಿಯಿಂದ ಏಳದೆ, ಅಂಗಿ ಜೇಬಿನಿಂದ ಕೀ ತೆಗೆದು ನನ್ನ ಕಡೆ ಚಾಚಿದರು.

"ಬ್ಯಾಡ ಬುಡಿ ಅಳೀಂದ್ರೆ. ನೀವಿದೀರಲ್ಲ, ಸಾಕು."

ನಾನು ಕೀ ಇಸಕೊಂಡೆ.